ಹಲಗೆಯ ಬೆನ್ನ ಮೇಲೆ ಬರೆದದ್ದು

ಅವ್ವ ಹದಿನೆಂಟು ದಿನ ಹಾಸಿಗೆ ಹಿಡಿದಿದ್ದಳು. ಆ ಹದಿನೆಂಟು ದಿನಗಳಲ್ಲಿ ಒಂದು ದಿನವೂ ನಾನು ಅಮೆರಿಕಾದಲ್ಲಿದ್ದ ತಂಗಿಗೆ ಫೋನ್ ಮಾಡಲಿಲ್ಲ.

ಎಸ್‌ಟಿಡಿ ಬೂತು ನಮ್ಮ ಮನೆಯಿಂದ ನೂರು ಹೆಜ್ಜೆ. ನಂಬರನ್ನು ದೇವರ ಜಗಲಿಯ ಪಕ್ಕದ ಗೋಡೆಯ ಮೇಲೆ ನಾನೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೆ. ಅವ್ವ ದಿನಾ ಕೇಳುತ್ತಿದ್ದಳು, "ಗಿರಿಜಾಗ ಹೇಳಿದ್ಯಾ?" ನಾನು ದಿನಾ ಹೇಳುತ್ತಿದ್ದೆ, "ಹೇಳೀನಿ ಬೇ. ಅಕಿಗೆ ರಜಾ ಸಿಗವಲ್ದಂತ." ಅವ್ವ ಅದನ್ನು ನಂಬಿಕೊಂಡೇ ಹೋದಳು. ಎಲ್ಲಾ ಮುಗಿದ ಮೇಲೆ ಬೂತಿಗೆ ಹೋಗಿ ತಂಗಿಗೆ ಇನ್ನೊಂದು ಸುಳ್ಳು ಹೇಳಿದೆ. ರಾತ್ರಿ ಉಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ, ಒಂದಿಷ್ಟೂ ನರಳಲಿಲ್ಲ ಎಂದು.

ತಂಗಿ ಗಿರಿಜಾ ನರ್ಸ್. ಅದೇ ನನ್ನ ಭಯವಾಗಿತ್ತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ನಾನು ದವಾಖಾನೆಗೆ ಒಯ್ಯದೆ ನಾಟಿ ವೈದ್ಯನ ಪಟ್ಟಿ ಕಟ್ಟಿಸಿದೆ. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ನಾನು ಹೊಸ ಮನೆಯೊಂದರ ಬಾಗಿಲ ಕೆಲಸ ಹಿಡಿದಿದ್ದೆ. ಬೆಳಿಗ್ಗೆ ಹೋದರೆ ಸಂಜೆಗೇ ಬರುತ್ತಿದ್ದೆ. ವಾರ ತುಂಬುವುದರೊಳಗೆ ಅವ್ವನ ಬೆನ್ನು ಹುಣ್ಣಾಯಿತು. ಗಿರಿಜಾ ಬಂದರೆ ಚೀಲ ಇಳಿಸುವ ಮೊದಲು ಅವ್ವನನ್ನು ಮಗ್ಗುಲಿಗೆ ತಿರುಗಿಸಿ ಬೆನ್ನು ನೋಡುತ್ತಾಳೆಂದು ನನಗೆ ಗೊತ್ತಿತ್ತು.

ನಾನು ಲಕ್ಷ್ಮೇಶ್ವರದ ಬಡಗಿ, ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಅಮೆರಿಕಾ ನೋಡಿ ಬಂದದ್ದನ್ನು ಬರೆದುಕೊಡು ಎಂದು ಊರವರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಮೊದಲು ಇದನ್ನು ಹೇಳದಿದ್ದರೆ ಅಲ್ಲಿ ನಾನು ಎಲ್ಲರನ್ನೂ ಯಾಕೆ ಕಳ್ಳರಂತೆ ನೋಡಿದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ನ್ಯೂವಾರ್ಕ್ ವಿಮಾನ ನಿಲ್ದಾಣ

ಅವ್ವ ಹೋಗಿ ಎರಡು ವರ್ಷಕ್ಕೆ ಗಿರಿಜಾ ಟಿಕೆಟು ಕಳಿಸಿದಳು. ಜೊತೆಗೆ ಚೀಟಿ: "ಅಣ್ಣಾ, ನಿನ್ನ ಕೈಯಿಂದ ಆಗುವ ಕೆಲಸವೊಂದಿದೆ. ಹತಾರು ತೆಗೆದುಕೊಂಡು ಬಾ." ಯಾವ ಕೆಲಸ ಎಂದು ಬರೆದಿರಲಿಲ್ಲ. ಅಮೆರಿಕಾದಲ್ಲಿ ಬಡಗಿಗಳೇ ಇಲ್ಲವೇ? ಇವಳಿಗೆ ಯಾರೋ ಹೇಳಿದ್ದಾರೆ, ಎದುರಿಗೆ ಕೂರಿಸಿಕೊಂಡು ಕೇಳಲಿಕ್ಕೆ ಕರೆಸುತ್ತಿದ್ದಾಳೆ ಎಂದುಕೊಂಡೇ ವಿಮಾನ ಹತ್ತಿದೆ.

ಇಳಿದ ಮೇಲೆ ಒಬ್ಬ ಎತ್ತರದ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದ. ಉಳಿಗಳನ್ನು ಒಂದೊಂದಾಗಿ ಎತ್ತಿ ಹೆಬ್ಬೆರಳ ಉಗುರಿನ ಮೇಲೆ ಹರಿತ ನೋಡಿದ. ಆ ಚಳಿಯಲ್ಲೂ ನನ್ನ ಅಂಗಿ ಒದ್ದೆಯಾಯಿತು. ಅವನು ಏನೋ ಕೇಳಿದ. ಗೊತ್ತಾಗಲಿಲ್ಲ. ಆಮೇಲೆ ಗಡ್ಡ ಸವರಿದಂತೆ ಕೈ ಮಾಡಿ, ಗರಗಸ ಎಳೆದಂತೆ ಮಾಡಿ, ತನ್ನ ಎದೆ ಮುಟ್ಟಿಕೊಂಡು ನಕ್ಕ. ಅವನ ಅಜ್ಜನೂ ಬಡಗಿಯಂತೆ. ಇಷ್ಟಕ್ಕೇ ನಾನು ಅರ್ಧ ಜೀವವಾಗಿದ್ದೆ.

ಹೊರಗೆ ಗಿರಿಜಾ ಕಾಲು ಮುಟ್ಟಿ ನಮಸ್ಕರಿಸಿದಳು. ತಲೆಯ ಮೇಲೆ ಇಡಬೇಕಾದ ಕೈ ಮೇಲೇಳಲಿಲ್ಲ. ಚೀಲ ಹಿಡಿದುಕೊಂಡಂತೆ ನಟಿಸಿದೆ.

ಕಾರು ನಡೆಸುತ್ತಿದ್ದವನು ಅವಳ ಗಂಡ ನಾಗೇಶ, ಮೈಸೂರಿನ ಕಡೆಯವನು. ಪಿಸ್ಕಾಟವೇಯ ಟೆಲಿಫೋನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳು ತಾರೀಖು ತಪ್ಪುತ್ತವಂತೆ. ಹಳೆಯ ತಪ್ಪನ್ನು ಹುಡುಕಿ ತೆಗೆಯುವುದು ಅವನ ಕೆಲಸವಂತೆ. ಅದನ್ನು ನನಗೇ ಕೇಳಿಸಲಿಕ್ಕೆ ಹೇಳುತ್ತಿದ್ದಾನೋ ಎಂದು ಕನ್ನಡಿಯಲ್ಲಿ ಅವನ ಮುಖ ನೋಡಿದೆ.

"ಅಣ್ಣಾ, ನಾವು ನಾಕ ಮನಿಯವರು ಕೂಡಿ ಒಂದ ಲಾಡ್ಜ್ ತಗೊಂಡೀವಿ. ಹಳೇದು. ಅದನ್ನ ಎಬ್ಬಸಬೇಕು," ಎಂದಳು ಗಿರಿಜಾ.

ನಮ್ಮ ಕಡೆ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡಿನ ಎದುರಿಗಿರುವುದು. ಅಲ್ಲಿ ಇಳಿದುಕೊಳ್ಳುವ ಜೋಡಿಗಳು ರಿಜಿಸ್ಟರಿನಲ್ಲಿ ಸುಳ್ಳು ಹೆಸರು ಬರೆಯುತ್ತಾರೆ. "ಮರ್ಯಾದಸ್ತರು ಯಾರರೆ ಲಾಡ್ಜ್ ನಡಸ್ತಾರೇನವಾ?" ಎಂದೆ.

ನಾಗೇಶ ನಕ್ಕ ರಭಸಕ್ಕೆ ತಿರುಗಬೇಕಾದ ಕಡೆ ತಿರುಗದೆ ಮುಂದೆ ಹೋಗಿಬಿಟ್ಟ. "ಅಯ್ಯೋ ಭಾವ, ಎಕ್ಸಿಟ್ ಮಿಸ್ ಮಾಡಿಸಿಬಿಟ್ರಿ! ಆ ಥರ ಲಾಡ್ಜ್ ಅಲ್ಲ. ಸ್ಕೀ ಲಾಡ್ಜು. ಜನ ಬೆಟ್ಟದ ಮೇಲಿಂದ ಸ್ನೋನಲ್ಲಿ ಜಾರೋಕ್ಕೆ ಬರ್ತಾರೆ. ಜಾರಿ ಸುಸ್ತಾದ್ಮೇಲೆ ಒಳಗೆ ಬಂದು ಬೆಂಕಿ ಮುಂದೆ ಕೂತ್ಕೋತಾರೆ."

"ಜಾರಾಕ ಬರ್ತಾರ?"

"ಹೂಂ. ಬೇಕೂ ಅಂತ."

ಬಚ್ಚಲಲ್ಲಿ ಜಾರಿದ ಅವ್ವ ನೆನಪಾದಳು. ಮನೆ ಬರುವವರೆಗೆ ರಸ್ತೆಯ ಬೋರ್ಡು ಎಣಿಸುತ್ತ ಕೂತೆ.

ಮಾರಿಸ್‌ಟೌನ್

ಅವರ ಮನೆ ಮಾರಿಸ್‌ಟೌನಿನಲ್ಲಿ. ಬೀದಿಯಲ್ಲಿ ಯಾರೂ ಕಾಣುವುದಿಲ್ಲ, ಆದರೆ ಎಲ್ಲ ಮನೆಗಳಲ್ಲೂ ದೀಪ ಉರಿಯುತ್ತಿರುತ್ತದೆ. ಕಿಟಕಿಗಳಿಗೆ ಸರಳುಗಳಿಲ್ಲ. ಬಾಗಿಲುಗಳಿಗೆ ನಮ್ಮಂಥ ಹೊಸ್ತಿಲಿಲ್ಲ. ನಾಯಿ ಬೆಕ್ಕು ನೆಟ್ಟಗೆ ಒಳಗೆ ಬರಬಹುದು. ಪಕ್ಕದ ಮನೆಯ ಮುದುಕಿ ನನ್ನನ್ನು ಕಂಡಾಗಲೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾಳೆ, ಉತ್ತರಕ್ಕೆ ನಿಲ್ಲದೆ ಹೋಗುತ್ತಾಳೆ. ಕೇಳಿದವಳು ಯಾಕೆ ನಿಲ್ಲುವುದಿಲ್ಲ? ನಾನು ಎರಡು ದಿನ ಪರದೆಯ ಸಂದಿಯಿಂದ ಅವಳನ್ನು ಗಮನಿಸಿದೆ. ಅವಳು ಅಂಚೆಯವನಿಗೂ ಹಾಗೇ ಕೇಳುತ್ತಿದ್ದಳು, ಅವನೂ ನಿಲ್ಲುತ್ತಿರಲಿಲ್ಲ.

ದೇವರ ಮೂಲೆಯಲ್ಲಿ ಅವ್ವನ ಫೋಟೋ ಇತ್ತು. ಎರಡನೆಯ ದಿನವೇ ಗಿರಿಜಾ ಅದರ ಮುಂದೆ ದೀಪ ಹಚ್ಚುತ್ತ, ನನ್ನ ಕಡೆ ತಿರುಗದೆ ಕೇಳಿದಳು.

"ಅವ್ವ ಕಡೀಕ ಏನಂದ್ಲು ಅಣ್ಣಾ?"

"ಏನೂ ಅನ್ನಲಿಲ್ಲ. ಹೇಳಿದ್ನಲ್ಲಾ, ಮಲಗಿದಾಕಿ ಏಳಲಿಲ್ಲ."

"ಹೂಂ," ಎಂದಳು. ಆ ಹೂಂ ನನಗೆ ಹಿಡಿಸಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಅವಳು ತನ್ನ ವಾರ್ಡಿನ ಸುದ್ದಿ ಹೇಳತೊಡಗಿದಳು. ಎದ್ದೇಳಲಾಗದ ವಯಸ್ಸಾದವರ ವಾರ್ಡ್ ಅದು. "ಎರಡ ತಾಸಿಗೊಮ್ಮೆ ಮಗ್ಗಲಾ ಬದಲಸಬೇಕು. ಇಲ್ಲಂದ್ರ ಬೆನ್ನಿಗೆ ಹುಣ್ಣ ಬೀಳತಾವು. ಇವತ್ತ ಹೊಸಾ ಹುಡಿಗಿ ಒಂದ ಸಲ ಮರತಿದ್ಲು, ನಾ ಅಕಿಗೆ ಹಂಗ ಬೈದೀನಿ..."

ನನ್ನ ಕೈಯಲ್ಲಿ ರೊಟ್ಟಿಯ ತುತ್ತು ನಿಂತಿತು. ಇವಳು ಹುಡುಗಿಗೆ ಬೈದದ್ದನ್ನು ಹೇಳುತ್ತಿದ್ದಾಳೋ, ನನಗೆ ಬೈಯುತ್ತಿದ್ದಾಳೋ?

"ಯಾಕಣ್ಣಾ, ಪಲ್ಯೆ ಖಾರ ಆತೇನು?"

"ಹೂಂ. ಖಾರ."

ಅದು ಬದನೆಕಾಯಿ ಎಣ್ಣೆಗಾಯಿ. ಅವ್ವ ಮಾಡುತ್ತಿದ್ದುದಕ್ಕಿಂತ ಸಪ್ಪೆಯೇ ಇತ್ತು.

ಬೆಟ್ಟದ ಮೇಲೆ

ಲಾಡ್ಜ್ ಇದ್ದದ್ದು ಉತ್ತರಕ್ಕೆ ಒಂದೂವರೆ ತಾಸಿನ ದಾರಿಯ ಬೆಟ್ಟದ ಮೇಲೆ. ಎಲೆ ಉದುರಿದ ಗಿಡಗಳ ನಡುವೆ ಕಲ್ಲಿನ ಬುನಾದಿ, ಮೇಲೆ ಕಟ್ಟಿಗೆಯ ಗೋಡೆ, ಒಳಗೆ ಎತ್ತಿನ ಗಾಡಿ ನಿಲ್ಲುವಷ್ಟು ದೊಡ್ಡ ಬೆಂಕಿಗೂಡು. ಇಪ್ಪತ್ತು ವರ್ಷ ಮುಚ್ಚಿದ್ದ ಕಟ್ಟಡ. ಬಾವಲಿ, ಇಲಿ, ಸೋರುವ ಮಾಡು. ಆದರೆ ಗೋಡೆಯ ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿದಾಗ ನನಗೆ ಗೊತ್ತಾಯಿತು, ಮರ ಗಟ್ಟಿಯಾಗಿದೆ.

ಕಟ್ಟಡದ ಜೊತೆಗೇ ಒಬ್ಬ ಮುದುಕನೂ ಬಂದಿದ್ದ. ಹ್ಯಾಂಕ್ ಅಂತ ಹೆಸರು, ಎಪ್ಪತ್ತು ದಾಟಿದವನು. ಅವನ ಅಪ್ಪ ಇದನ್ನು ಕಟ್ಟಿದ್ದಂತೆ. ಮೊದಲು ಅಲ್ಲಿ ದನ ಮೇಯಿಸುತ್ತಿದ್ದರು. ಒಂದು ಚಳಿಗಾಲ ಪೇಟೆಯಿಂದ ಬಂದ ಕೆಲವರು ಹುಲ್ಲುಗಾವಲಿನ ಇಳಿಜಾರಿನಲ್ಲಿ ಕಾಲಿಗೆ ಕಟ್ಟಿಗೆಯ ಉದ್ದ ಪಟ್ಟಿ ಕಟ್ಟಿಕೊಂಡು ಜಾರಿದರಂತೆ, ಆಮೇಲೆ ಕೊಟ್ಟಿಗೆಯಲ್ಲಿ ಕೂತು ನಡುಗಿದರಂತೆ. ಅವರ ನಡುಕ ನೋಡಿ ಹ್ಯಾಂಕನ ಅವ್ವ ಸೂಪು ಕಾಯಿಸಿ ಕೊಟ್ಟಳು. ಲಾಡ್ಜ್ ಹುಟ್ಟಿದ್ದು ಹಾಗೆ. ಅವನ ಅಪ್ಪ ಹಳೆಯ ಲಾರಿಯ ಎಂಜಿನ್ನಿಗೆ ಹಗ್ಗ ಸುತ್ತಿ ಜನರನ್ನು ಗುಡ್ಡದ ಮೇಲಕ್ಕೆ ಎಳೆಸುತ್ತಿದ್ದನಂತೆ, ಬಾವಿಯಿಂದ ಕೊಡ ಎಳೆದ ಹಾಗೆ. ಮುಂದೆ ಹಿಮ ಕಡಿಮೆಯಾಯಿತು. ಹತ್ತಿರದ ದೊಡ್ಡ ಬೆಟ್ಟದವರು ಹಿಮ ಮಾಡುವ ಯಂತ್ರ ತಂದರು. ಇಲ್ಲಿಗೆ ಜನ ಬರುವುದು ನಿಂತಿತು. ಈಗ ನಾಗೇಶನವರೂ ಅಂಥ ಯಂತ್ರ ತರಿಸಿದ್ದರು.

ಆಕಾಶದಿಂದ ಬೀಳದ ಹಿಮವನ್ನು ಯಂತ್ರದಿಂದ ಉದುರಿಸಿ ಜನರನ್ನು ಕರೆಯುವುದು ಮೋಸವಲ್ಲವೇ ಎಂದು ಕೇಳಿದೆ. "ಜಾರೋರಿಗೆ ಗೊತ್ತಿರತ್ತೆ ಭಾವ, ನಾವೇನು ಮುಚ್ಚಿಡಲ್ಲ," ಎಂದ ನಾಗೇಶ.

ಹ್ಯಾಂಕನಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಕೆಲಸಕ್ಕೆ ಅದು ಅಡ್ಡ ಬರಲಿಲ್ಲ. ಕಟ್ಟಿಗೆ ಕೀಸುವ ನನ್ನ ತೋಪಡವನ್ನು ನೋಡಿ ಅವನು ತಲೆದೂಗಿದ. ಅವನು ಕೀಸುವಾಗ ಮುಂದಕ್ಕೆ ತಳ್ಳುವುದನ್ನು ನೋಡಿ ನಾನೂ ತಲೆದೂಗಿದೆ. ಕೆಟ್ಟ ಹಲಗೆ ತೆಗೆದು ಒಳ್ಳೆಯದನ್ನು ಕೂರಿಸುವುದು, ಸಡಿಲವಾದದ್ದನ್ನು ಬಿಚ್ಚಿ ಮತ್ತೆ ಹೊಡೆಯುವುದು, ಇದು ನಮ್ಮ ಕೆಲಸ. ಶನಿವಾರ ಭಾನುವಾರ ನಾಗೇಶ ಬರುತ್ತಿದ್ದ. ಉಳಿದ ದಿನ ನಾವಿಬ್ಬರೇ, ರಾತ್ರಿ ನಾನು ಹ್ಯಾಂಕನ ಮನೆಯಲ್ಲಿ ಮಲಗುತ್ತಿದ್ದೆ.

ಆದರೆ ಮುದುಕನ ಮೇಲೆ ನನಗೆ ಅನುಮಾನ ಬಂತು. ಬಿಚ್ಚಿದ ಹಲಗೆಗಳನ್ನು ಅವನು ಅಲ್ಲೇ ಜೋಡಿಸುತ್ತಿರಲಿಲ್ಲ. ಒಂದೊಂದರ ಹಿಂಬದಿ ನೋಡುತ್ತಿದ್ದ. ಕೆಲವನ್ನು ಹಾಗೇ ಬಿಡುತ್ತಿದ್ದ, ಕೆಲವನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಶೆಡ್ಡಿಗೆ ಒಯ್ಯುತ್ತಿದ್ದ, ಬಾಗಿಲಿಗೆ ಚಿಲಕ ಹಾಕುತ್ತಿದ್ದ. ಹಳೆಯ ಚೆಸ್ಟ್‌ನಟ್ ಮರ ಅದು. ರೋಗ ಬಂದು ಇಡೀ ದೇಶದಲ್ಲೇ ಸತ್ತುಹೋದ ಮರವಂತೆ, ಈಗ ಬೇಕೆಂದರೂ ಸಿಗದಂತೆ. ಕದಿಯಲು ಇನ್ನೇನು ಕಾರಣ ಬೇಕು? ನಾನು ದಿನಾ ಹಲಗೆ ಎಣಿಸಿ ನೆನಪಿಟ್ಟುಕೊಂಡೆ. ಶನಿವಾರ ನಾಗೇಶನ ಕಿವಿಯಲ್ಲಿ ಹೇಳಿದೆ, "ನಿಮ್ಮ ಮುದುಕ ಕಳ್ಳ. ಹನ್ನೊಂದು ಹಲಗಿ ಹೋಗ್ಯಾವು."

ನಾಗೇಶ ಅದನ್ನು ನೆಟ್ಟಗೆ ಹ್ಯಾಂಕನಿಗೇ ಹೇಳಿಬಿಟ್ಟ. ನಾನು ಎಲ್ಲಿಗೆ ಓಡಲಿ ಎಂದು ನೋಡುತ್ತಿದ್ದೆ. ಹ್ಯಾಂಕ್ ಸಿಟ್ಟಾಗಲಿಲ್ಲ. ನನ್ನ ತೋಳು ಹಿಡಿದು ಶೆಡ್ಡಿಗೆ ಕರೆದೊಯ್ದ.

ಶೆಡ್

ಹನ್ನೊಂದೂ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು, ಬೆನ್ನು ನಮ್ಮ ಕಡೆಗೆ. ಬೆನ್ನ ತುಂಬ ಪೆನ್ಸಿಲ್ಲಿನ ಬರಹ.

ಹ್ಯಾಂಕ್ ಓದಿದ, ನಾಗೇಶ ಕನ್ನಡದಲ್ಲಿ ಹೇಳಿದ. ಒಂದರ ಮೇಲೆ: "ಇವತ್ತು ಒಂಬತ್ತು ಜನ ಬಂದರು. ಸೂಪು ಸಾಲಲಿಲ್ಲ. ನಾನು ಉಂಡೆನೆಂದು ಹೇಳಿದೆ." ಅದು ಹ್ಯಾಂಕನ ಅವ್ವನ ಕೈ. ಇನ್ನೊಂದರ ಮೇಲೆ: "ನನ್ನ ತಮ್ಮ ಹೆಬ್ಬೆರಳು ಕೊಯ್ದುಕೊಂಡ. ತಪ್ಪು ನನ್ನದು, ನಾನು ಗರಗಸ ತಳ್ಳಿದೆ." ಅದು ಅವನ ಅಪ್ಪನದು. ಮತ್ತೊಂದರ ಮೇಲೆ ಬರೀ: "ಹಿಮ ಇಲ್ಲ. ಹಿಮ ಇಲ್ಲ. ಹಿಮ ಇಲ್ಲ."

ಗೋಡೆ ಮುಚ್ಚುವ ಮೊದಲು ಕೆಲಸ ಮಾಡಿದವರು ಹಲಗೆಯ ಹಿಂದೆ ಒಂದು ನಿಜ ಬರೆಯಬೇಕು. ಇದು ಆ ಮನೆತನದ ರೂಢಿಯಂತೆ. ಬರೆದ ಬೆನ್ನು ಗೋಡೆಯ ಒಳಮುಖಕ್ಕೆ ಹೋಗುತ್ತದೆ, ಯಾರೂ ಓದುವುದಿಲ್ಲ. "ಸುಳ್ಳು ಬರದ್ರೆ ಹಲಗೆ ಡೊಂಕಾಗತ್ತೆ ಅಂತ ಅವರಪ್ಪ ಹೇಳ್ತಿದ್ರಂತೆ," ಎಂದು ನಾಗೇಶ ನಕ್ಕ. ಹ್ಯಾಂಕ್ ಹಲಗೆಗಳನ್ನು ಕದ್ದಿರಲಿಲ್ಲ. ನಕಲು ಮಾಡಿಕೊಳ್ಳಲು ತಂದಿದ್ದ. ಅಷ್ಟು ದಿನವೂ ಅವನು ಅಲ್ಲಿ ಕೂತು ತನ್ನ ಅವ್ವ ಅಪ್ಪನನ್ನು ಓದುತ್ತಿದ್ದ.

ಹೋಗುವ ಮೊದಲು ಅವನು ಒಂದು ಹೊಸ ಹಲಗೆಯನ್ನೂ ಪೆನ್ಸಿಲ್ಲನ್ನೂ ನನ್ನ ಕೈಗೆ ಕೊಟ್ಟ. ಈಗ ನಿನ್ನ ಸರದಿ ಎಂಬಂತೆ.

ಒಂದು ವಾರ ನಾನು ಏನೂ ಬರೆಯಲಿಲ್ಲ.

ಪಿಸ್ಕಾಟವೇ

ಆ ವಾರ ಕಳೆದು ಬಂದ ಭಾನುವಾರ ಲಾಡ್ಜಿನ ಪಾಲುದಾರರಲ್ಲಿ ಒಬ್ಬರ ಮನೆಯಲ್ಲಿ ಊಟ. ಪಿಸ್ಕಾಟವೇ, ವೆಸ್ಟ್ ವಿಂಡ್ಸರ್ ಕಡೆಯ ಕನ್ನಡದವರೆಲ್ಲ ಬಂದಿದ್ದರು. ಎಲ್ಲರೂ ನನ್ನನ್ನು ಅಂಕಲ್ ಎಂದರು, ನನಗಿಂತ ಹಿರಿಯರಂತೆ ಕಂಡ ಒಬ್ಬರೂ ಸಹ. ಮಕ್ಕಳಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಗಂಡಸರು ಷೇರಿನ ಮಾತು, ಗ್ರೀನ್ ಕಾರ್ಡಿನ ಮಾತು. ಚಿತ್ರಾನ್ನದ ಪಕ್ಕದಲ್ಲಿ ಪಿಜ್ಜಾ.

"ಅಂಕಲ್, ಲಾಡ್ಜ್ ಓಪನಿಂಗ್‌ಗೆ ಪೂಜೆ ಮಾಡಿಸೋಣ್ವಾ?"

"ಬೇಡಪ್ಪಾ, ಅಮೆರಿಕನ್ಸ್ ಹೆದರಿಕೊಂಡು ಓಡಿಹೋಗ್ತಾರೆ!"

"ಸ್ಕೀ ಹಾಕ್ಕೊಂಡು ಓಡೋಕ್ಕಾಗತ್ತೇನೋ?"

ನಗೆಯ ನಡುವೆ ಗಿರಿಜಾ ನಗದೆ ಕೂತಿದ್ದಳು. ವಾಪಸು ಬರುವಾಗ ಕಾರಿನಲ್ಲಿ, ನಾನು ಕೇಳದೆಯೇ ಹೇಳಿದಳು.

"ಅಣ್ಣಾ, ಅವ್ವ ಹೋದ ತಿಂಗಳ ನಾ ಡಬಲ್ ಶಿಫ್ಟ್ ಮಾಡತಿದ್ದೆ. ನಾಕ ವಾರ ಊರ ಬೂತಿಗೆ ಒಂದ ಫೋನ್ ಹಚ್ಚಲಿಲ್ಲ. ಒಂದ ಸಲ ಹಚ್ಚಿದ್ರೂ ಅಕಿ ಧ್ವನಿ ಕೇಳಿ ಆರಾಮಿಲ್ಲ ಅಂತ ನನಗ ಗೊತ್ತಾಗತಿತ್ತು. ನರ್ಸ್ ಆಗಿ ಏನ ಉಪಯೋಗ? ತಪ್ಪ ನಂದು."

"ನಿಂದೇನ ತಪ್ಪವಾ," ಎಂದೆ.

"ನಂದ ಅಣ್ಣಾ. ದಿನಾ ದೀಪಾ ಹಚ್ಚಬೇಕಾದ್ರ ಅದನ್ನ ಕೇಳಕೋತೀನಿ ಅವ್ವನ್ನ."

ಅಲ್ಲಿಯವರೆಗೆ ಅವಳಿಗೆ ಗೊತ್ತಿದೆಯೇ ಎಂಬ ಒಂದೇ ಭಯ ನನಗಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನ ತಪ್ಪನ್ನು ಅವಳು ತನ್ನದೆಂದು ಎರಡು ವರ್ಷದಿಂದ ಹೊತ್ತಿದ್ದಳು. ಗೊತ್ತಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಟ್ಟಕ್ಕೆ ಹೋದವನೇ ಪೆನ್ಸಿಲ್ ಹಿಡಿದೆ. ವಾರದ ದಿನಗಳಲ್ಲಿ ಅಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ, ಹಲಗೆ ಗೋಡೆಯೊಳಗೆ ಮುಖ ಮಾಡಿ ಹೋಗುವುದಿತ್ತು. ಧೈರ್ಯ ಬಂದದ್ದು ಅದಕ್ಕೇ. ಬರೆದು ಅದನ್ನು ಉಳಿದ ಹಲಗೆಗಳ ಜೊತೆ ಬೋರಲಾಗಿ ಇಟ್ಟೆ. ಅದನ್ನು ತಾನೇ ಗೋಡೆಗೆ ಹೊಡೆಯುತ್ತೇನೆಂದು ಹ್ಯಾಂಕ್ ಸನ್ನೆ ಮಾಡಿದ.

ಶನಿವಾರ ನಾಗೇಶನ ಜೊತೆ ಬೆಟ್ಟಕ್ಕೆ ಬಂದ ಗಿರಿಜಾ ಕೇಳಿದಳು, "ಏನ ಬರದಿ ಅಣ್ಣಾ?"

"ದೇವರ ಹೆಸರು," ಎಂದೆ. ಪಕ್ಕದಲ್ಲಿದ್ದ ನಾಗೇಶ ಅದನ್ನು ಹ್ಯಾಂಕನಿಗೆ ಇಂಗ್ಲಿಷಿನಲ್ಲಿ ಹೇಳಿದ. ಹ್ಯಾಂಕ್ ಟೊಪ್ಪಿಗೆ ತೆಗೆದು ನನ್ನನ್ನು ಗೌರವದಿಂದ ನೋಡಿದ.

ಬಾಗಿಲು ತೆರೆದ ದಿನ

ಹೊಸ ವರ್ಷ ಬಂತು. ಯಾವ ಕಂಪ್ಯೂಟರೂ ಕೆಡಲಿಲ್ಲ. ನಾಗೇಶ ಮೂರು ದಿನ ನಿದ್ದೆ ಮಾಡಿದ. ಅದಾದ ಎರಡನೆಯ ವಾರ ಚಳಿ ಗಟ್ಟಿಯಾಗಿ, ಯಂತ್ರದ ಹಿಮದ ಮೇಲೆ ಆಕಾಶದ ಹಿಮವೂ ಬಿತ್ತು. ಭಾನುವಾರ ಬೆಳಿಗ್ಗೆ ಲಾಡ್ಜ್ ತೆರೆಯುವುದೆಂದು ಗೊತ್ತಾಯಿತು.

ನಾವು ಎಲ್ಲರಿಗಿಂತ ಮೊದಲೇ ಹೋದೆವು. ನಾಗೇಶ ಹೊರಗೆ ಯಂತ್ರದ ಹತ್ತಿರ, ಗಿರಿಜಾ ಅಡುಗೆಮನೆಯಲ್ಲಿ. ನಾನು ದೊಡ್ಡ ಕೋಣೆಗೆ ಬಂದೆ. ಬೆಂಕಿಗೂಡಿನಲ್ಲಿ ಬೆಂಕಿ ಉರಿಯುತ್ತಿತ್ತು. ಅದರ ಮೇಲೆ, ಎಲ್ಲರ ಕಣ್ಣು ಮೊದಲು ಬೀಳುವ ಜಾಗದಲ್ಲಿ, ನನ್ನ ಹಲಗೆ. ಬರೆದ ಮುಖ ಹೊರಗೆ.

ಹ್ಯಾಂಕ್ ಪಕ್ಕದಲ್ಲೇ ನಿಂತು ಮಗುವಿನಂತೆ ನಗುತ್ತಿದ್ದ. ಬೆರಳು ಮೇಲೆತ್ತಿ ಆಕಾಶ ತೋರಿಸಿದ, ಕೈ ಮುಗಿದ. ಉಳಿದವರ ನಿಜಗಳು ಗೋಡೆಯೊಳಗೆ ಇರಲಿ. ದೇವರ ಹೆಸರನ್ನು ಕತ್ತಲೆಗೆ ತಿರುಗಿಸಿ ಮೊಳೆ ಹೊಡೆಯಲು ಅವನಿಗೆ ಮನಸ್ಸಾಗಿರಲಿಲ್ಲ. ಹಿಂದಿನ ರಾತ್ರಿ ನಾನಿಲ್ಲದಾಗ ಅದನ್ನು ಇಲ್ಲಿ ಹೊಡೆದು, ಅಕ್ಷರ ಅಳಿಯಬಾರದೆಂದು ಅಗಸೆ ಎಣ್ಣೆಯನ್ನೂ ಸವರಿದ್ದ. ನನ್ನ ಸುಳ್ಳನ್ನು ಅವನು ನಂಬಿದ್ದ. ಅಷ್ಟೇ ಅವನ ತಪ್ಪು.

ಕಿಟಕಿಯಿಂದ ನೋಡಿದರೆ ಕೆಳಗೆ ತಿರುವಿನಲ್ಲಿ ಮೊದಲ ಕಾರುಗಳು ಹತ್ತುತ್ತಿದ್ದವು. ಪಿಸ್ಕಾಟವೇಯವರು, ವೆಸ್ಟ್ ವಿಂಡ್ಸರಿನವರು, ಕನ್ನಡ ಓದಬಲ್ಲವರೆಲ್ಲ. ನಾನು ಸ್ಟೂಲು ಎಳೆದು ಹತ್ತಿದೆ. ಪೆಟ್ಟಿಗೆಯಿಂದ ತೋಪಡ ತೆಗೆದೆ. ಎರಡು ಸಲ ಎಳೆದರೆ ಸಾಕಿತ್ತು, ಎಣ್ಣೆ ಸಮೇತ ಅಕ್ಷರ ಸುರುಳಿಯಾಗಿ ನೆಲಕ್ಕೆ ಬೀಳುತ್ತಿತ್ತು. ಹ್ಯಾಂಕನ ನಗು ಹೋಯಿತು. ಅವನು ನನ್ನ ಕಾಲು ಹಿಡಿದುಕೊಂಡು ಏನೇನೋ ಹೇಳತೊಡಗಿದ.

"ಏನದು ಗದ್ದಲ?" ಗಿರಿಜಾ ಸೂಪಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಲಗೆ ಕಂಡಳು. "ಅಯ್ಯ, ಎಷ್ಟ ಚಂದ ಕಾಣತೈತಿ ಅಲ್ಲಿ! ಯಾಕಣ್ಣಾ ತಗೀತಿ? ದೇವರ ಹೆಸರೈತೆಲ್ಲಾ, ಇರಲಿ ಬಿಡು. ಯಾವ ದೇವರು? ಓದಿ ಹೇಳು, ನನ್ನ ಚಷ್ಮಾ ಕಾರಿನ್ಯಾಗ ಉಳದೈತಿ."

ಆಗಲೂ ದಾರಿ ಇತ್ತು. ಕಾಳಿಕಾದೇವಿ ಎಂದಿದ್ದರೆ ನಂಬುತ್ತಿದ್ದಳು. ನಮ್ಮ ಮನೆದೇವರೇ ಅವಳು.

ತೋಪಡವನ್ನು ಬೆಂಕಿಗೂಡಿನ ಕಲ್ಲಿನ ಮೇಲೆ ಇಟ್ಟೆ. ಸ್ಟೂಲಿನ ಮೇಲೆಯೇ ನಿಂತು, ಶಾಲೆಯಲ್ಲಿ ಓದಿದ ಹಾಗೆ ಅಕ್ಷರಕ್ಕೆ ಬೆರಳಿಟ್ಟು ಓದಿದೆ.

"ಅವ್ವ ಹದಿನೆಂಟು ದಿನ ಮಲಗಿದ್ದಳು. ಬೆನ್ನೆಲ್ಲ ಹುಣ್ಣಾಗಿತ್ತು. ಗಿರಿಜಾನ್ನ ಕರಿ ಅಂದಳು. ನಾನು ಕರಿಲಿಲ್ಲ. ಕರದೀನಿ ಅಂತ ಸುಳ್ಳು ಹೇಳಿದೆ. ರಾಮಣ್ಣ ಬಡಿಗೇರ."

ಗಿರಿಜಾ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಅವಳ ಕೈ ಅಂಥದು. ಹತ್ತಿರ ಬಂದು ತಲೆಯೆತ್ತಿ ಹಲಗೆಯನ್ನೇ ನೋಡುತ್ತ, ವಾರ್ಡಿನಲ್ಲಿ ಕೇಳುವ ಧ್ವನಿಯಲ್ಲಿ ಕೇಳಿದಳು.

"ಎಷ್ಟ ದೊಡ್ಡದಿತ್ತು ಹುಣ್ಣ?"

ನಾನು ಅಂಗೈ ತೋರಿಸಿದೆ.

"ಜ್ವರ?"

"ಕಡೀ ನಾಕ ದಿನ."

ಹೊರಗೆ ಕಾರಿನ ಬಾಗಿಲುಗಳು ಮುಚ್ಚಿದ ಸದ್ದು, ಮಕ್ಕಳ ಇಂಗ್ಲಿಷು. ಅವಳು ಅತ್ತ ತಿರುಗಲಿಲ್ಲ.

"ನಾ ಬರಲಿಲ್ಲಂತ ಅವ್ವ ನನಗ ಬೈದ್ಲಾ?"

"ಇಲ್ಲವಾ. ನಿನಗ ರಜಾ ಸಿಗಲಿ ಅಂತ ದೇವರಿಗೆ ಬೇಡಕೊಂತಿದ್ಲು."

ಅವಳು ಎರಡೂ ಕೈಗಳಿಂದ ಬೆಂಕಿಗೂಡಿನ ಕಲ್ಲನ್ನು ಹಿಡಿದುಕೊಂಡಳು. ಹ್ಯಾಂಕ್ ನಮ್ಮಿಬ್ಬರ ಮುಖ ನೋಡಿ, ಟೊಪ್ಪಿಗೆ ತೆಗೆದು, ಹೊರಗೆ ಹೋಗಿ ಬಾಗಿಲಿಗೆ ಅಡ್ಡ ನಿಂತ. ಬಂದವರನ್ನು ಒಳಗೆ ಬಿಡಲಿಲ್ಲ.

ನಾನು ಸ್ಟೂಲಿನಿಂದ ಇಳಿದೆ. ವಿಮಾನ ನಿಲ್ದಾಣದಲ್ಲಿ ಮೇಲೇಳದ ಕೈಯನ್ನು ಅವಳ ತಲೆಯ ಮೇಲೆ ಇಡಲು ಈಗಲೂ ಆಗಲಿಲ್ಲ. ಹಾಗಾಗಿ ಕೈ ಮುಗಿದೆ, ತಂಗಿಗೆ.

"ಗಿರಿಜಾ, ತಪ್ಪ ನಿಂದಲ್ಲ. ಅವ್ವ ನಿನ್ನ ಮಾರಿ ನೋಡದ ಹೋಗಿದ್ದು ನೀ ಫೋನ್ ಹಚ್ಚಲಿಲ್ಲಂತ ಅಲ್ಲ, ನಾ ಹಚ್ಚಲಿಲ್ಲ ಅಂತ. ನಿನ್ನ ಕಣ್ಣಿಗೆ ಅಂಜಿ ಅವ್ವನ್ನ ನಿನ್ನಿಂದ ಮುಚ್ಚಿಟ್ಟೆ. ನಂದು ತಪ್ಪಾತವಾ, ತಪ್ಪಾತು."